ಸಣ್ಣ ಬಾಯಿಯ ಬರ್ಪೆ

ಸುಕೇಶ್ ನಮ್ಮ ಮನೆಗೆ ಬಂದ ಭಾನುವಾರ ಮಾಯ್ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಮರುವಾಯಿ ತೊಳೆಯುತ್ತಿದ್ದಳು. ಬೆಳಿಗ್ಗೆಯಷ್ಟೇ ಕೆಮ್ಮಣ್ಣಿನ ಹೊಳೆಯಲ್ಲಿ ಹೆಕ್ಕಿದ ಚಿಪ್ಪುಗಳು. ಒಂದೊಂದನ್ನೂ ತೆಂಗಿನ ನಾರಿನಿಂದ ಉಜ್ಜಿ, ಕೆಸರು ಹೋಯಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿ, ಬೋಗುಣಿಗೆ ಹಾಕುತ್ತಿದ್ದಳು. ಮಾಯ್ ಎಂದರೆ ನನ್ನ ಅಮ್ಮನ ಅಮ್ಮ, ಝೀಟಾ. ಎಂಬತ್ತೆಂಟು ವರ್ಷ. ಗಂಟಲಿನ ಆಪರೇಷನ್ ಆದ ಮೇಲೆ ಅವಳ ಸ್ವರ ಒಣ ತೆಂಗಿನ ಗರಿ ಎಳೆದ ಹಾಗೆ ಕೇಳುತ್ತದೆ. ಆದರೆ ನಾಲಗೆಗೆ ಯಾವ ಡಾಕ್ಟರೂ ಕೈ ಹಾಕಿಲ್ಲ.

ನಾನು ಒಳಗೆ ವಾರದ ಬಟ್ಟೆ ಒಗೆಯಲು ನೆನೆಹಾಕಿದ್ದೆ. ಕಟಪಾಡಿಯ ಬಟ್ಟೆ ಅಂಗಡಿಯಲ್ಲಿ ಆರು ದಿನ ಬೇರೆಯವರ ಸೀರೆ ಮಡಚಿ, ಏಳನೆಯ ದಿನ ನಮ್ಮದನ್ನು ಒಗೆಯುವುದು ನನ್ನ ಬದುಕು. ಗಂಡ ಮಸ್ಕತ್ತಿನಲ್ಲಿ, ಮಗಳು ಆನ್ಸಿಲ್ಲಾ ಮೂರನೆಯ ಕ್ಲಾಸು. ಅಂಗಳದಲ್ಲಿ ಕಾರು ನಿಂತ ಸದ್ದಾಯಿತು.

"ಝೀಟಾ ಬಾಯಿ ಅಂದ್ರೆ ನೀವೇ ಅಲ್ವಾ?"

"ಹೌದು ಮಾರಾಯ, ಬಾಯಿ ನಾನೇ. ನಿನಗೆ ಎಂತ ಬೇಕು?"

"ನಾನು ಸುಕೇಶ್. ಕಾಪುವಿನ ಮನೋರಮಾ ಅವರ ಮೊಮ್ಮಗ."

ನಾನು ಕೈಯ ಸೋಪಿನ ನೊರೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಓಡಿದೆ. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಾಯ್ ಬೋಗುಣಿಯನ್ನು ಅವನ ತಲೆಯ ಮೇಲೆ ಕವುಚುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಚಿಪ್ಪನ್ನು ಇನ್ನೊಮ್ಮೆ ಉಜ್ಜಿದಳು, ಅಷ್ಟೆ.

"ಕೂತ್ಕೋ ಮಗಾ. ಡೈನಾ, ಇವನಿಗೆ ಚಹಾ ಇಡು."

ಸುಕೇಶನಿಗೆ ನಲವತ್ತರ ಆಚೀಚೆ. ಉಡುಪಿಯಲ್ಲಿ ಹೋಟೆಲು ಇದೆಯಂತೆ. ಒಳ್ಳೆಯ ಹುಡುಗನೇ, ಜಗಲಿಯ ಧೂಳಿನಲ್ಲಿ ಪ್ಯಾಂಟಿನ ಗೊಡವೆಯಿಲ್ಲದೆ ಕುಳಿತ. ಅಜ್ಜಿಗೆ ತೊಂಬತ್ತು ತುಂಬುತ್ತದೆ, ಮಣಿಪಾಲದ ಒಂದು ದೊಡ್ಡ ಹಾಲಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ, ಅವರ ಆ ಮೊದಲ ಗ್ರಾಮಫೋನ್ ಪ್ಲೇಟನ್ನು ಶುದ್ಧಗೊಳಿಸಿ ಎಲ್ಲರಿಗೂ ಕೇಳಿಸುತ್ತೇವೆ ಎಂದೆಲ್ಲ ಹೇಳಿದ.

"ಮುದ್ದಣ್ಣ ಮಾಸ್ಟ್ರ ಶಿಷ್ಯರಲ್ಲಿ ಈಗ ಇರುವುದು ನೀವಿಬ್ಬರೇ. ಒಂದು ಹಳೇ ಫೋಟೋದಲ್ಲಿ ನೀವು ಮೂಲೆಯಲ್ಲಿ ನಿಂತಿದ್ದೀರಿ. ಆ ಹೆಸರು ಹುಡುಕಿಕೊಂಡು ಬಂದೆ. ಸ್ಟೇಜಿನಲ್ಲಿ ಅಜ್ಜಿಯ ಹತ್ತಿರ ಕೂತು ಎರಡು ಮಾತಾಡಿದರೆ ಸಾಕು."

"ಮೂಲೆಯಲ್ಲಿ ಅಲ್ವಾ? ಹೌದು, ನಾನು ಮೂಲೆಯಲ್ಲೇ ಇದ್ದದ್ದು. ನಿನ್ನ ಅಜ್ಜಿ ಹೇಳಿ ಕಳಿಸಿದ್ದಾ?"

"ಇಲ್ಲ, ಅವರಿಗೆ ಗೊತ್ತಿಲ್ಲ. ಸರ್‌ಪ್ರೈಸ್."

"ಒಳ್ಳೇದಾಯ್ತು." ಮಾಯ್ ಇನ್ನೊಂದು ಚಿಪ್ಪು ಎತ್ತಿಕೊಂಡಳು. "ಒಂದು ಮಾತು ಕೇಳ್ತೇನೆ. ನಿನ್ನ ಅಜ್ಜಿ ಮನೆಯಲ್ಲಿ ತುಳು ಮಾತಾಡ್ತಾಳಾ?"

ಸುಕೇಶ್ ನಕ್ಕ. "ಇಲ್ಲ ಬಾಯಿ. ಅಜ್ಜಿಯದ್ದು ಮನೆಯಲ್ಲೂ ಕನ್ನಡವೇ, ಪುಸ್ತಕದ ಕನ್ನಡ. ನಾವು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರ. ಅಪ್ಪ ಚಿಕ್ಕವರಿರುವಾಗಿನಿಂದ ಹಾಗೆಯೇ ಅಂತೆ. ಕಲಾವಿದೆ ಅಲ್ವಾ, ಮಾತಿನಲ್ಲಿ ಮರ್ಯಾದೆ ಜಾಸ್ತಿ."

"ತುಳು ಹಾಡಿನಿಂದ ಹೆಸರು ಬಂದದ್ದು. ತುಳು ಮಾತಾಡುವುದಿಲ್ಲ."

"ಹಾಡುವಾಗ ಮಾತ್ರ ತುಳು."

ಮಾಯ್ ಮುಖದಲ್ಲಿ ಒಂದು ನಗು ಹುಟ್ಟಿತು. ಬಹಳ ವರ್ಷದಿಂದ ಕಳೆದುಹೋಗಿದ್ದ ಒಂದು ಬೀಗದ ಕೈ ಸಿಕ್ಕಿದವರ ನಗು. "ಬರ್ತೇನೆ ಮಗಾ," ಎಂದಳು. "ನಾನು ಬರ್ತೇನೆ ಅಂದ್ರೆ ಬರುವವಳು."

ಅವನು ಕೊಟ್ಟುಹೋದ ಆಮಂತ್ರಣವನ್ನು ನಾನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ನಾನು ಆನ್ಸಿಲ್ಲಾಳಷ್ಟಿರುವಾಗ ಒಂದು ದಿನ ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ ಮನೋರಮಾಳ ಆ ಪ್ಲೇಟಿನ ಹಾಡನ್ನು ಗುನುಗುತ್ತಾ ಬಾವಿಕಟ್ಟೆಗೆ ಹೋಗಿದ್ದೆ. "ಬೊಲ್ಪಾನಗ ಯಾನ್ ಬರ್ಪೆ." ಬೆಳಗಾಗುವಾಗ ನಾನು ಬರುತ್ತೇನೆ. ಉಡುಪಿಯಿಂದ ಎರ್ಮಾಳಿನವರೆಗೆ ಆ ಹಾಡು ಗೊತ್ತಿಲ್ಲದ ಮನೆ ಇಲ್ಲ. ಮಾಯ್ ಹಿಂದಿನಿಂದ ಬಂದು ಕೆನ್ನೆಗೆ ಹೊಡೆದಿದ್ದಳು. ಬಿಂದಿಗೆ ಬಾವಿಗೆ ಬಿತ್ತು. ಯಾಕೆಂದು ಅವಳು ಹೇಳಲಿಲ್ಲ, ಅಮ್ಮ ಕೇಳಲೂ ಬಿಡಲಿಲ್ಲ. ಇಗರ್ಜಿಯಲ್ಲಿ ಎಲ್ಲರೂ ಹಾಡುವಾಗ ಮಾಯ್ ತುಟಿ ಮಾತ್ರ ಆಡಿಸುತ್ತಾಳೆ, ಸ್ವರ ಹೊರಡುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಮೇಲೆ.

"ಈಗಲಾದರೂ ಹೇಳ್ತೀಯಾ?" ಎಂದೆ.

"ಒಲೆ ಉರಿ ಮಾಡು, ಹೇಳ್ತೇನೆ."

ಅವಳು ಹೇಳಿದ್ದು ಇಷ್ಟು.

ಆಗ ಮಾಯ್‌ಗೆ ಹದಿನೈದು. ಮುದ್ದಣ್ಣ ಮಾಸ್ಟ್ರು ಹಾರ್ಮೋನಿಯಂ ಹಿಡಿದು ಊರೂರು ತಿರುಗಿ ಹಾಡು ಕಲಿಸುತ್ತಿದ್ದರು, ತಾವೇ ಹಾಡು ಕಟ್ಟುತ್ತಲೂ ಇದ್ದರು. ಅವರ ಶಿಷ್ಯೆಯರಲ್ಲಿ ಕಾಪುವಿನ ಮನೋರಮಾ ಮುಂದಿನ ಸಾಲು: ಚೆಂದದ ಹುಡುಗಿ, ದೊಡ್ಡ ಮನೆ. ಮಾಯ್ ಹಿಂದೆ ನಿಂತು ದನಿಗೂಡಿಸುವವಳು. ಮದ್ರಾಸಿನಿಂದ ಗ್ರಾಮಫೋನ್ ಕಂಪೆನಿಯವರು ಯಂತ್ರ ಹೊತ್ತುಕೊಂಡು ಬಂದರು. ಹೊರಗಿನ ಸದ್ದು ಒಳಗೆ ಬರಬಾರದೆಂದು ಕಾರ್ಕಳದಲ್ಲಿ ದಪ್ಪ ಗೋಡೆಯ ಒಂದು ಕರಿಕಲ್ಲಿನ ಮನೆ ಹಿಡಿದು, ಕಿಟಕಿಗಳಿಗೆಲ್ಲ ಕಂಬಳಿ ಹೊಡೆದರು. ಮನೋರಮಾಳ ಫೋಟೋ ತೆಗೆದಾಗಿತ್ತು, ಪ್ಲೇಟಿನ ನಡುವೆ ಅಂಟಿಸುವ ಚೀಟಿಯಲ್ಲಿ ಹೆಸರೂ ಅಚ್ಚಾಗಿತ್ತು. ಅಂದು ಬೆಳಿಗ್ಗೆ ಮನೋರಮಾಳ ಗಂಟಲು ಕಟ್ಟಿತು. ಕರಿಮೆಣಸಿನ ಕಷಾಯ ಕುಡಿಸಿದರು, ಉಪ್ಪುನೀರು ಮುಕ್ಕಳಿಸಲು ಕೊಟ್ಟರು. ಕಾಗೆಯ ಸ್ವರ ಕೂಡ ಹೊರಡಲಿಲ್ಲ. ಕಂಪೆನಿಯವರು ಮರುದಿನ ಹೊರಡುವವರು.

"ಮಾಸ್ಟ್ರು ನನ್ನ ಕೈಗೆ ಕಾಗದ ಕೊಟ್ಟು, ನೀನೇ ಹಾಡು ಬಾಯಿ, ಅಂದರು. ಕೋರಸ್ಸಿನವಳಿಗೆ ಇಡೀ ಹಾಡು ಎಲ್ಲಿ ಗೊತ್ತಿರ್ತದೆ? ಕಾಗದ ನೋಡಿ ಹಾಡಿದೆ."

ತಪ್ಪು ಆದದ್ದು ಅಲ್ಲಿ.

ಬರೆಯುವಾಗ ಎರಡೂ ಒಂದೇ: ಬರ್ಪೆ. ತುಳು ಹೇಳುವವರ ಬಾಯಲ್ಲಿ ಮಾತ್ರ ಅದು ಎರಡು ಮಾತು. ಬಾಯಿ ಅಗಲಿಸಿ ಹೇಳಿದರೆ 'ನಾನು ಬರುತ್ತೇನೆ'. ಬಾಯಿ ಸಣ್ಣ ಮಾಡಿ ಹೇಳಿದರೆ 'ಅವನು ಬರುತ್ತಾನೆ'. ತೊಟ್ಟಿಲಲ್ಲಿ ತುಳು ಕೇಳಿದ ಮಗು ಇದನ್ನು ಯಾವತ್ತೂ ತಪ್ಪುವುದಿಲ್ಲ, ತಪ್ಪಬೇಕೆಂದರೂ ಆಗುವುದಿಲ್ಲ. ಆದರೆ ಮಾಯ್ ಮನೆಯಲ್ಲಿ ಕೊಂಕಣಿ, ಸಿಸ್ಟರ್‌ಗಳ ಶಾಲೆಯಲ್ಲಿ ಕನ್ನಡ ಕಲಿತವಳು. ಆಗ ಅವಳಿಗೆ ಗೊತ್ತಿದ್ದ ತುಳು ಮೀನಿನವಳ ಜತೆ ಚೌಕಾಸಿ ಮಾಡುವಷ್ಟೇ. ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಕನ್ನಡ ಪಾಠ ಓದುವ ಹಾಗೆ, ಸಣ್ಣ ಬಾಯಿಯಲ್ಲಿ ಹಾಡಿಬಿಟ್ಟಳು. ಬೊಲ್ಪಾನಗ ಯಾನ್ ಬರ್ಪೆ. ಕನ್ನಡದಲ್ಲಿ ಹೇಳುವುದಾದರೆ, ಬೆಳಗಾಗುವಾಗ ನಾನು ಬರುತ್ತಾನೆ.

"ಮಾಸ್ಟ್ರು ತಲೆಗೆ ಕೈ ಹೊತ್ತು ಕೂತರು. ಇನ್ನೊಮ್ಮೆ ಹಾಡಿಸುವ ಅಂದರೆ ಕಂಪೆನಿಯವರು ಹಾಡು ಕೊರೆಯುವ ಮೇಣ ಮುಗೀತು ಅಂದರು. ಮದ್ರಾಸಿನವರಿಗೆ ತುಳುವಿನಲ್ಲಿ ಯಾರು ಬಂದರೇನು, ಯಾರು ಹೋದರೇನು? ಚೀಟಿ ಅಚ್ಚಾಗಿದೆ, ನಿನ್ನ ಹೆಸರು ಮುಂದಿನ ಪ್ಲೇಟಿಗೆ ಹಾಕುವ ಬಾಯಿ, ಅಂದರು ಮಾಸ್ಟ್ರು."

"ಮುಂದಿನ ಪ್ಲೇಟು?"

"ಎಲ್ಲಿಯ ಮುಂದಿನ ಪ್ಲೇಟು!"

ಹಾಡು ಹೋಟೆಲುಗಳಲ್ಲಿ, ಮದುವೆ ಚಪ್ಪರಗಳಲ್ಲಿ, ರೇಡಿಯೋದಲ್ಲಿ ಮೊಳಗಿತು. ಜನ ಆ ತಪ್ಪನ್ನೇ ಮೆಚ್ಚಿಕೊಂಡರು. ಎಂತ ಚೆಂದ ಎಳೆದಿದ್ದಾಳೆ ಮಾರಾಯ ಎಂದರು. ಎಲ್ಲೆಲ್ಲಿಂದಲೋ ಮನೋರಮಾಳಿಗೆ ಕರೆ ಬಂತು. ಆಕೆ ಗಂಟಲು ಸರಿ ಮಾಡಿಕೊಂಡು, ಪ್ಲೇಟು ಕೇಳಿ ಕೇಳಿ, ಆ ಸಣ್ಣ ಬಾಯಿಯನ್ನು ಕಲಿತು ಹಾಡತೊಡಗಿದಳು. ರೇಡಿಯೋದಲ್ಲಿ ಬೇರೆ ಹಾಡುಗಳನ್ನೂ ಹಾಡಿ ಹೆಸರು ಮಾಡಿದಳು. ಆಕೆಗೆ ಸ್ವರ ಇರಲಿಲ್ಲವೆಂದು ಮಾಯ್ ಯಾವತ್ತೂ ಹೇಳಿಲ್ಲ.

ಸ್ವಲ್ಪ ಸಮಯದ ಮೇಲೆ ಮಾಯ್ ಕೂಡ ತನ್ನ ಅಪ್ಪನ ಜತೆ ರೇಡಿಯೋದವರ ಧ್ವನಿಪರೀಕ್ಷೆಗೆ ಹೋದಳು. ಬೇರೇನೂ ತೋಚದೆ ತನ್ನದೇ ಹಾಡು ಹಾಡಿದಳು. ಗಾಜಿನ ಆಚೆ ಕುಳಿತವರ ಜತೆ ಮನೋರಮಾ ಇದ್ದಳು. ಅಂದು ಆಕೆಯ ರೆಕಾರ್ಡಿಂಗ್ ಇತ್ತು. ಇದು ನಿಮ್ಮ ಹಾಡು, ನೀವೇ ಹೇಳಿ ಎಂದು ಅವರು ಆಕೆಯನ್ನೇ ಕೇಳಿದರು. ಈಗ ಹೇಳುತ್ತಾಳೆ, ಪ್ಲೇಟಿನಲ್ಲಿ ಹಾಡಿದ್ದು ಇವಳೇ ಎಂದು ಈಗಲಾದರೂ ಹೇಳುತ್ತಾಳೆ ಎಂದು ಮಾಯ್ ಆಕೆಯ ಮುಖವನ್ನೇ ನೋಡುತ್ತಾ ನಿಂತಳು. ಮನೋರಮಾ ಸೆರಗು ಸರಿಮಾಡಿಕೊಂಡು, ಶುದ್ಧ ಕನ್ನಡದಲ್ಲಿ ಹೇಳಿದಳು: "ಸ್ವರ ಚೆನ್ನಾಗಿದೆ. ಆದರೆ ಇದು ಅನುಕರಣೆ."

ಮಾಯ್ ಮತ್ತೆ ಹಾಡಲಿಲ್ಲ.

ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ನಾನು ತಿಂದ ಪೆಟ್ಟು ಎಲ್ಲಿಂದ ಹೊರಟು ಬಂದದ್ದೆಂದು ಆಗ ಗೊತ್ತಾಯಿತು.

"ಪೇಪರಿನವರಿಗೆ ಹೇಳುವ ಮಾಯ್. ನಿನ್ನ ಹೆಸರು ಹಾಕಿಸುವ."

"ಹೆಸರು ತಗೊಂಡು ಈ ವಯಸ್ಸಲ್ಲಿ ಎಂತ ಮಾಡ್ಲಿ? ಗೋರಿಕಲ್ಲಿಗಾ? ನನಗೆ ಹೆಸರು ಬೇಡ ಡೈನಾ. ಅವಳ ಮುಖ ನೋಡಬೇಕು. ಆ ದಿನ ಗಾಜಿನ ಈಚೆ ನನ್ನ ಮುಖ ಹೇಗಿತ್ತೋ ಹಾಗೆ ಆಗುವುದನ್ನು ನಾನು ಎದುರು ಕೂತು ನೋಡಬೇಕು. ನೋಡಿ ಸಾಯ್ತೇನೆ."

"ಸಾಕ್ಷಿ ಎಂತ ಉಂಟು? ಮಾಸ್ಟ್ರು ಇಲ್ಲ, ಕಂಪೆನಿ ಇಲ್ಲ."

"ಸಾಕ್ಷಿ ಅವಳ ಬಾಯಲ್ಲಿ ಉಂಟು. ಅದಕ್ಕೇ ಅವಳು ಇಷ್ಟು ವರ್ಷ ತುಳು ಮಾತಾಡದೆ ಇದ್ದದ್ದು. ಮಾತಾಡಿದರೆ ಅಗಲ ಬಾಯಿ ಬರ್ತದೆ. ಹಾಗಾದರೆ ಪ್ಲೇಟಿನಲ್ಲಿ ಇರುವ ಸಣ್ಣ ಬಾಯಿ ಯಾರದ್ದು ಅಂತ ಯಾರಾದರೂ ಕೇಳ್ತಾರೆ." ಮಾಯ್ ಚಿಪ್ಪುಗಳನ್ನು ಕುದಿಯುವ ನೀರಿಗೆ ಸುರಿದಳು. "ಇದನ್ನು ನೋಡು. ಹಸಿ ಇರುವಾಗ ಕತ್ತಿ ಹಾಕಿದರೂ ಬಾಯಿ ಬಿಡುವುದಿಲ್ಲ. ಬಿಸಿ ಮುಟ್ಟಿದರೆ ತಾನಾಗಿ ಬಿಡ್ತದೆ."

ಕಾರ್ಯಕ್ರಮದ ದಿನ ಸುಕೇಶ್ ಕಾರು ಕಳಿಸಿದ. ಅಂಗಡಿಗೆ ರಜೆ ಹಾಕಿದ್ದಕ್ಕೆ ಮಾಲೀಕರ ಮುಖ ಗಂಟಾಗಿತ್ತು, ಇರಲಿ. ಮಾಯ್ ಮದುವೆಯ ರೇಷ್ಮೆ ಸೀರೆ ತೆಗೆಸಿದಳು. ದಾರಿಯಲ್ಲಿ ಜಪಮಾಲೆ ಮಾತ್ರ ಬೆರಳಲ್ಲಿ ಓಡುತ್ತಿತ್ತು. ಸಂತೆಕಟ್ಟೆ ದಾಟಿದ ಮೇಲೆ, "ಮಾಯ್, ಇಂಥ ಕೆಲಸಕ್ಕೆ ಜಪಮಾಲೆ ಮಾಡಬಹುದಾ?" ಎಂದು ಕೇಳಿದೆ.

"ನೀನು ರಸ್ತೆ ನೋಡು," ಎಂದಳು.

ಹಾಲು ತುಂಬಿತ್ತು. ವೇದಿಕೆಯಲ್ಲಿ ಥರ್ಮೊಕೋಲಿನ ದೊಡ್ಡ ಗ್ರಾಮಫೋನು, ಅದರ ಮುಂದೆ ಅರಸರ ಕುರ್ಚಿಯಂಥ ಕುರ್ಚಿಯಲ್ಲಿ ಮನೋರಮಾ. ತೊಂಬತ್ತರಲ್ಲೂ ಬೆನ್ನು ನೆಟ್ಟಗೆ, ಮೂಗುಬೊಟ್ಟು ಮಿಂಚುತ್ತಿತ್ತು. ಸುಕೇಶ್ ಮಾಯ್ ಕೈಹಿಡಿದು ಮೇಲೆ ಕರೆತಂದು, "ಅಜ್ಜೀ, ಯಾರು ಬಂದಿದ್ದಾರೆ ನೋಡಿ!" ಎಂದ. ಆಕೆಯ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಅದರಿಂದ ಹಿಂದೆ ಸರಿಯಿತು.

"ಝೀಟಾ ಅಲ್ಲವೇ? ಬಹಳ ಸಂತೋಷವಾಯಿತು."

ಮಾಯ್ ತುಳುವಿನಲ್ಲೇ, ನನಗೂ ಸಂತೋಷ ಮನೋರಮಕ್ಕ, ಎಂದು ಹೇಳಿ ಪಕ್ಕದ ಕುರ್ಚಿಯಲ್ಲಿ ಕುಳಿತಳು. ನೀರಿನ ಬಾಟಲಿ ಹಿಡಿಯುವ ನೆಪದಲ್ಲಿ ನಾನು ಹಿಂದೆ ನಿಂತೆ.

ನಿರೂಪಣೆ ಮಾಡುತ್ತಿದ್ದವರು ವಿಜೇತಾ ಎಂಬ ಕಾಲೇಜು ಮೇಡಮ್. ಪ್ಲೇಟಿನ ಹಾಡು ಮೊಳಗಿತು. ನಾನು ಅದನ್ನು ಸಾವಿರ ಸಲ ಕೇಳಿದ್ದೇನೆ. ಅಂದು ಮೊದಲ ಸಲ ಅದರೊಳಗೆ ಹದಿನೈದರ ಒಂದು ಹುಡುಗಿ ಕಾಗದ ಹಿಡಿದು ನಿಂತಿರುವುದು ಕಂಡಿತು. ಸ್ವರ ಎಷ್ಟು ತಿಳಿ! ಮುಂದೆ ಕುಳಿತ ಮಾಯ್ ಬೆಳ್ಳಿ ತುರುಬನ್ನು ನೋಡಿದೆ. ಅದು ಅಲುಗಲಿಲ್ಲ.

"ಆ ಒಂದು ಸ್ವರವನ್ನು ಗಮನಿಸಿ," ಎಂದರು ವಿಜೇತಾ ಮೇಡಮ್. "ಬೇರೆ ಯಾರಾಗಿದ್ದರೂ 'ನಾನು ಬರುತ್ತೇನೆ' ಎಂದು ಬಾಯಿ ಅಗಲಿಸಿ ಹಾಡುತ್ತಿದ್ದರು. ಮನೋರಮಾ ಅಮ್ಮ 'ನಾನು' ಎಂದು ಆರಂಭಿಸಿ 'ಅವನು' ಎಂಬಲ್ಲಿಗೆ ಮುಗಿಸುತ್ತಾರೆ. ನಾನು ಕರಗಿ ಅವನಾಗುವ ಕ್ಷಣ! ಇದು ಭಕ್ತಿಯ ಶಿಖರ."

ಚಪ್ಪಾಳೆ. ಮಾಯ್ ನನ್ನ ಕಡೆಗೆ ಬಾಗಿ, "ಪಾಪ," ಎಂದಳು. "ಮೇಣ ಮುಗಿದದ್ದು ಅವರಿಗೆ ಗೊತ್ತಿಲ್ಲ."

ಆಮೇಲೆ ಮೈಕು ಮಾಯ್ ಕೈಗೆ ಬಂತು.

ಮೊದಲು ಅವಳು ಕನ್ನಡದಲ್ಲಿ ಮುದ್ದಣ್ಣ ಮಾಸ್ಟ್ರ ಬಗ್ಗೆ, ಅವರ ನಶ್ಯದ ಡಬ್ಬಿಯ ಬಗ್ಗೆ, ಹಾರ್ಮೋನಿಯಂನ ಒಳಗೆ ಇಲಿ ಮರಿ ಹಾಕಿದ್ದರ ಬಗ್ಗೆ ಹೇಳಿದಳು. ಜನ ನಕ್ಕರು. ಮನೋರಮಾಳ ಭುಜವೂ ಸ್ವಲ್ಪ ಸಡಿಲವಾಯಿತು. ಆಗ ಮಾಯ್ ಕುರ್ಚಿಯಲ್ಲೇ ತಿರುಗಿ ತುಳುವಿಗೆ ಹೊರಳಿದಳು.

"ಮನೋರಮಕ್ಕ, ಇಷ್ಟು ವರ್ಷದಲ್ಲಿ ಒಮ್ಮೆಯೂ ನೀವು ನಮ್ಮ ಮನೆಗೆ ಬರಲಿಲ್ಲ. ಬರುವ ಭಾನುವಾರ ಊಟಕ್ಕೆ ಬನ್ನಿ. ಕುಚ್ಚಲಕ್ಕಿ ಅನ್ನ, ಮರುವಾಯಿ ಸುಕ್ಕ. ಬರ್ಪರಾ?"

"ಖಂಡಿತ ಬರುತ್ತೇನೆ," ಎಂದಳು ಮನೋರಮಾ, ಕನ್ನಡದಲ್ಲಿ.

"ತುಳುವಿನಲ್ಲಿ ಕರೆದರೆ ತುಳುವಿನಲ್ಲಿ ಹೇಳಬೇಕು ಅಕ್ಕ. ಇಲ್ಲಿ ಇರುವವರೆಲ್ಲ ನಮ್ಮವರೇ ಅಲ್ವಾ?"

ಜನ ಮತ್ತೆ ನಕ್ಕರು. ಹೇಳಿ ಅಮ್ಮ ಎಂದು ಯಾರೋ ಕೂಗಿದರು.

"ಬರುತ್ತೇನೆ ಎಂದೆನಲ್ಲ, ಝೀಟಾ."

"ನೀವು ಬರುವುದಿಲ್ಲ." ಮಾಯ್ ಒಣ ಸ್ವರ ಮೈಕಿನಲ್ಲಿ ಇನ್ನೂ ಒಣಗಿ ಕೇಳಿತು. "ನೀವು ಬರುವವರಲ್ಲ. ಆ ದಿನ ಕಾರ್ಕಳದ ಕರಿಕಲ್ಲಿನ ಮನೆಯಲ್ಲಿ ಯಂತ್ರ ಇಟ್ಟು ಕರೆದರಲ್ಲ, ಆಗಲೂ ನೀವು ಬರಲಿಲ್ಲ. ಗಂಟಲು ಕಟ್ಟಿ, ಪಕ್ಕದ ಕೋಣೆಯಲ್ಲಿ ಕಂಬಳಿ ಹೊದ್ದು ಕಷಾಯ ಕುಡಿದು ಕೂತಿದ್ದಿರಿ. ಮೈಕಿನ ಮುಂದೆ ಬಂದದ್ದು ನಾನು. ಈಗ ಇವರೆಲ್ಲ ಕೇಳಿದ ಹಾಡು ಹಾಡಿದ್ದು ನಾನು."

ಸುಕೇಶ್ ಎದ್ದು ನಿಂತ. ವಿಜೇತಾ ಮೇಡಮ್ ಎರಡು ಹೆಜ್ಜೆ ಮುಂದೆ ಬಂದು ನಿಂತರು. ಮನೋರಮಾ ತನ್ನ ಮೈಕನ್ನು ಬಾಯಿಗೆ ಹಿಡಿದಳು.

"ಇದು ಸುಳ್ಳು. ಇದು ಶುದ್ಧ ಸುಳ್ಳು." ಇನ್ನೂ ಕನ್ನಡ.

"ಸುಳ್ಳಾದರೆ ನಮ್ಮ ಮನೆಗೆ ಬಂದು, ನನ್ನ ಮೊಮ್ಮಗಳ ಎದುರು, ಶಿಲುಬೆಯ ಎದುರು ಹೇಳಿ. ನಿಮಗೆ ಆ ಧೈರ್ಯ ಇಲ್ಲ. ಕಾಪುವಿನ ದೊಡ್ಡ ಮನೆಯಿಂದ ಬಡವರ ಅಂಗಳಕ್ಕೆ ಕಾಲಿಡುವ ಧೈರ್ಯ ನಿಮ್ಮ ಅಪ್ಪನಿಗೂ ಇರಲಿಲ್ಲ, ನಿಮಗೂ ಇಲ್ಲ. ಬರುವುದಿಲ್ಲ ನೀವು. ಹೆದರುಪುಕ್ಕಿ."

ಅಪ್ಪನ ಮಾತು ತೆಗೆದದ್ದೇ ಬಿಸಿ ಮುಟ್ಟಿತು. ಮನೋರಮಾ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು. ಮೂಗುಬೊಟ್ಟು ಕುಣಿಯಿತು. ಎಪ್ಪತ್ತು ವರ್ಷ ಹಲ್ಲಿನ ಹಿಂದೆ ಕೂಡಿಹಾಕಿದ್ದ ತುಳು ಒಂದೇ ಸಲ ಹೊರಗೆ ಬಿತ್ತು.

"ಯಾನ್ ಬರ್ಪೆ! ಇತ್ತೆನೇ ಬರ್ಪೆ!"

ನಾನು ಬರುತ್ತೇನೆ, ಈಗಲೇ ಬರುತ್ತೇನೆ. ಮೈಕಿನಲ್ಲಿ, ಅಷ್ಟು ದೊಡ್ಡ ಹಾಲಿನಲ್ಲಿ. ಬಾಯಿ ಅಷ್ಟಗಲ. ಕಾಪುವಿನ ಯಾವ ಹೆಂಗಸಾದರೂ ಹೇಳುವ ಹಾಗೆ, ಹುಟ್ಟಿದ ಬಾಯಿಯಲ್ಲಿ.

ಮಾಯ್ ಕೇಳಿದವರ ಕಿವಿಗೆ ಅದು ಇಳಿಯುವವರೆಗೆ ಕಾದಳು. ಮುಂದಿನ ಸಾಲಿನ ಒಬ್ಬ ಮುದುಕರು ಪಕ್ಕದವರ ಕಡೆಗೆ ತಿರುಗಿದರು. ವಿಜೇತಾ ಮೇಡಮ್ ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ಮಡಚಿದರು.

"ಈಗ ಅದೇ ಬಾಯಿಯಲ್ಲಿ ಹಾಡಿ ಮನೋರಮಕ್ಕ," ಎಂದಳು ಮಾಯ್. "ಒಂದೇ ಸಾಲು. ನಿಮ್ಮ ಹಾಡಾದರೆ ನಿಮ್ಮ ಬಾಯಲ್ಲಿ ಬರಬೇಕಲ್ಲ."

ಆಕೆ ಹಾಡದಿದ್ದರೂ ಆಗುತ್ತಿತ್ತು. ಸುಕೇಶ್ ಬೇಡ ಅಜ್ಜೀ ಎಂದ. ಆದರೆ ಸಾವಿರ ಜನರ ಮುಂದೆ ಹಾಡಿದವಳಿಗೆ ಹಾಡು ಎಂದರೆ ಹಾಡದೆ ಇರಲು ಬರುವುದಿಲ್ಲ. ಕಣ್ಣು ಮುಚ್ಚಿದಳು. ವಯಸ್ಸಿಗೆ ಸ್ವಲ್ಪ ನಡುಗುವ, ಆದರೂ ಶ್ರುತಿ ತಪ್ಪದ ಸ್ವರ. ಬೊಲ್ಪಾನಗ ಯಾನ್... ಕೊನೆಗೆ ಬಂದಾಗ ಬಾಯಿ ತಾನಾಗಿ ಸಣ್ಣದಾಯಿತು. ಪ್ಲೇಟಿನಲ್ಲಿ ಇದ್ದ ಹಾಗೆಯೇ. ಆಕೆಗೂ ಅದು ಕೇಳಿಸಿತು. ನಿಲ್ಲಿಸಿ, ಇನ್ನೊಮ್ಮೆ ಹಿಡಿದಳು. ಈ ಸಲ ಬಾಯಿ ಅಗಲಿಸಿದಳು, ಸ್ವರ ಹರಿದುಹೋಯಿತು. ಆ ಎಳೆತ ಸಣ್ಣ ಬಾಯಿಗೆಂದೇ ಹುಟ್ಟಿದ್ದು, ಅಗಲ ಬಾಯಿಯಲ್ಲಿ ಅದು ನಿಲ್ಲುವುದಿಲ್ಲ. ಮೂರನೆಯ ಸಲ ಮತ್ತೆ ಸಣ್ಣ ಬಾಯಿ.

ಹಿಂದಿನಿಂದ ಒಬ್ಬಳು ಹೆಂಗಸು ತುಳುವಿನಲ್ಲಿ ದೊಡ್ಡದಾಗಿ ಕೇಳಿದಳು: "ಅಲ್ಲ ಮಾರಾಯ್ರೇ, ಬರುವುದು ಯಾರಂತೆ? ಅವಳಾ, ಅವನಾ?"

ನಗು ಹಿಂದಿನ ಸಾಲಿನಿಂದ ಹೊರಟು ಅಲೆಯಂತೆ ಮುಂದೆ ಬಂತು. ಮನೋರಮಾಳ ಬಾಯಿ ತೆರೆದೇ ಇತ್ತು. ಬಣ್ಣ ಹೋದ, ಯಾರಾದರೂ ಒಂದು ಮಾತು ಹೇಳಲಿ ಎಂದು ಸುತ್ತ ಹುಡುಕುವ ಮುಖ. ಮಾಯ್ ಅದನ್ನು ನೋಡಿದಳು. ಅವಸರವಿಲ್ಲದೆ, ಊಟಕ್ಕೆ ಕುಳಿತವರು ಎಲೆ ನೋಡುವ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದು ಶುದ್ಧ ಕನ್ನಡದಲ್ಲಿ ಹೇಳಿದಳು:

"ಸ್ವರ ಚೆನ್ನಾಗಿದೆ. ಆದರೆ ಇದು ಅನುಕರಣೆ."

ಮೈಕು ಬಂದ್ ಮಾಡಿಸಿದರು. ಗಲಾಟೆ, ಕುರ್ಚಿ ಎಳೆಯುವ ಸದ್ದು, ಎಲ್ಲರ ಕೈಯಲ್ಲೂ ಮೊಬೈಲು. ಆ ಗದ್ದಲದ ನಡುವೆ ಮನೋರಮಾ ಮಾಯ್ ಕಡೆ ಬಾಗಿ ತುಳುವಿನಲ್ಲಿ ಕೇಳಿದ್ದು ನನಗೆ ಮಾತ್ರ ಕೇಳಿಸಿತು.

"ಇಷ್ಟು ವರ್ಷ ಇದಕ್ಕೇ ಕಾದೆಯಾ ಝೀಟಾ?"

"ಹೂಂ. ಇದಕ್ಕೇ."

"ಆ ನಿನ್ನ ಒಂದು ತಪ್ಪಿಗೆ ಹೆದರಿ ನಾನು ಹೆತ್ತ ಮಕ್ಕಳ ಹತ್ತಿರ ಕೂಡ ನನ್ನ ಭಾಷೆ ಆಡಲಿಲ್ಲ."

"ಗೊತ್ತು. ನಿಮ್ಮ ಮೊಮ್ಮಗ ಹೇಳಿದ. ಕೇಳಿದ ಮೇಲೆ ನನಗೆ ಒಳ್ಳೇ ನಿದ್ದೆ ಬರ್ತಾ ಉಂಟು."

ನನಗೆ ಒಂದು ಕ್ಷಣ ಆ ಮುದುಕಿಯ ಕೈಗೆ ನೀರಿನ ಬಾಟಲಿ ಕೊಡುವ ಅನ್ನಿಸಿತು. ಮಾಯ್‌ಗೆ ಬೆನ್ನಿನಲ್ಲೂ ಕಣ್ಣಿದೆ. "ಬಾಟಲಿ ನನ್ನದು," ಎಂದು ಕೈ ಚಾಚಿ ತೆಗೆದುಕೊಂಡು, ಗಟಗಟ ಕುಡಿದಳು.

ಮನೆಗೆ ಹೋಗಲು ಕಾರು ಸಿಗಲಿಲ್ಲ, ಆಟೋ ಹಿಡಿದೆವು. ದಾರಿಯುದ್ದಕ್ಕೂ ಮಾಯ್ ಗುನುಗುತ್ತಿದ್ದಳು. ಸ್ವರ ಇಲ್ಲ, ಬರೀ ಉಸಿರು. ನಾನು ಹುಟ್ಟಿದ ಮೇಲೆ ಅವಳು ಗುನುಗಿದ್ದನ್ನು ಕೇಳಿದ್ದು ಅದೇ ಮೊದಲು.

ನಾಲ್ಕು ದಿನ ಎಲ್ಲರ ಮೊಬೈಲಿನಲ್ಲೂ ಆ ವಿಡಿಯೋ ತಿರುಗಿತು. ಅಂಗಡಿಗೆ ಬಂದ ಗಿರಾಕಿಗಳು ಸೀರೆ ಬಿಟ್ಟು ನನ್ನ ಮುಖ ನೋಡಿದರು. ಐದನೆಯ ದಿನ ಸುಕೇಶನ ಫೋನು. ಬೈಯುತ್ತಾನೆಂದು ನಾನು ಸ್ಪೀಕರಿಗೆ ಹಾಕಿ ಮಾಯ್ ಮುಂದೆ ಇಟ್ಟೆ.

"ಹೊಸದಾಗಿ ಬಿಡುವ ರೆಕಾರ್ಡಿಗೆ ನಿಮ್ಮ ಹೆಸರು ಹಾಕ್ತೇವೆ ಬಾಯಿ. ಅಜ್ಜಿಯೇ ಹೇಳಿದ್ದು."

"ಹಾಕಿದರೆ ಹಾಕು, ಬಿಟ್ಟರೆ ಬಿಡು. ಅವಳು ಹೇಗಿದ್ದಾಳೆ?" ಕೇಳುವಾಗ ಮಾಯ್ ಕಣ್ಣು ಹೊಳೆಯುತ್ತಿತ್ತು.

"ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಈಗ ಬಂದಿದ್ದಾರೆ. ಆದರೆ ಕನ್ನಡ ಬಿಟ್ಟೇ ಬಿಟ್ಟಿದ್ದಾರೆ ಬಾಯಿ. ಬೆಳಿಗ್ಗೆಯಿಂದ ರಾತ್ರಿವರೆಗೆ ತುಳು. ಕೆಲಸದವಳ ಹತ್ತಿರ, ಮೀನಿನವನ ಹತ್ತಿರ, ಕಾಗೆಯ ಹತ್ತಿರ. ಅಪ್ಪನನ್ನು ಕೂರಿಸಿಕೊಂಡು ಎಂತೆಂತದ್ದೋ ಕಥೆ ಹೇಳ್ತಾರೆ, ಅಪ್ಪ ಅಳ್ತಾರೆ. ಇಷ್ಟು ಖುಷಿಯಲ್ಲಿ ಅವರನ್ನು ನಾವು ನೋಡಿದ್ದೇ ಇಲ್ಲ."

ಮಾಯ್ ಮುಖ ಹುಳಿಯಾಯಿತು.

"ಭಾನುವಾರ ನಿಮ್ಮಲ್ಲಿಗೆ ಬರ್ತಾರಂತೆ. ಬರ್ಪೆ ಅಂತ ಎಲ್ಲರ ಮುಂದೆ ಹೇಳಿದ್ದೇನೆ, ಹೋಗದಿದ್ದರೆ ಆಗುವುದಿಲ್ಲ ಅಂತ ಹಠ."

ಫೋನು ಇಟ್ಟ ಮೇಲೆ ಮಾಯ್ ಅದನ್ನು ನನ್ನ ಕಡೆ ತಳ್ಳಿದಳು. "ನೋಡಿದೆಯಾ ಡೈನಾ," ಎಂದಳು. "ನಾನು ಅವಳಿಗೆ ಉಪಕಾರ ಮಾಡಿದ ಹಾಗಾಯ್ತು!"

ಭಾನುವಾರ ಬೆಳಿಗ್ಗೆ ಮರುವಾಯಿ ಬಂತು. ಮಾಯ್ ಮೆಟ್ಟಿಲ ಮೇಲೆ ಕುಳಿತಳು. ಅಂಗಳದಲ್ಲಿ ಆನ್ಸಿಲ್ಲಾ ಕುಂಟೆಬಿಲ್ಲೆ ಆಡುತ್ತಾ, ಮೊಬೈಲಿನಲ್ಲಿ ಕೇಳಿ ಕೇಳಿ ಕಲಿತ ಹಾಡನ್ನು ಹೇಳುತ್ತಿದ್ದಳು. ಪಕ್ಕದ ಮನೆಯ ಮಕ್ಕಳ ಜತೆ ಬೆಳೆದವಳು, ತುಳು ಸರಿಯಾಗಿ ಬರುತ್ತದೆ. ಬೊಲ್ಪಾನಗ ಯಾನ್ ಬರ್ಪೆ. ಅಗಲ ಬಾಯಿ. ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಬಾ ಇಲ್ಲಿ," ಎಂದು ಮಾಯ್ ಅವಳನ್ನು ಕರೆದಳು. ಒದ್ದೆ ಬೆರಳಿನಿಂದ ಮಗುವಿನ ಎರಡೂ ಕೆನ್ನೆ ಒತ್ತಿ ಬಾಯಿ ಸಣ್ಣ ಮಾಡಿದಳು. "ಹೀಗೆ. ಹೀಗೆ ಹಾಡು."

"ಅದು ತಪ್ಪು ಮಾಯ್. 'ಅವನು' ಅಂತ ಆಗ್ತದೆ."

"ಆಗಲಿ. ನನ್ನ ಹಾಡು, ನನ್ನ ತಪ್ಪು. ನೀನು ಹಾಗೇ ಹಾಡು. ಅವಳು ಬಂದಾಗ ಇನ್ನೂ ಜೋರಾಗಿ ಹಾಡು."

ದೂರದಲ್ಲಿ ಕಾರಿನ ಸದ್ದು ಕೇಳಿತು. ಮಾಯ್ ಬೋಗುಣಿಯ ಚಿಪ್ಪುಗಳನ್ನು ಪಾತ್ರೆಗೆ ಸುರಿದಳು. ಬದಿಯಲ್ಲಿ ಇನ್ನೂ ಉಜ್ಜದೆ ಉಳಿದಿದ್ದ ಕೆಸರು ಮೆತ್ತಿದ ಒಂದು ಹಿಡಿ ಚಿಪ್ಪುಗಳನ್ನು ನೋಡಿದಳು. ಅವನ್ನೂ ಹಾಗೆಯೇ ಎತ್ತಿ ಹಾಕಿದಳು.

"ಮಾಯ್, ಅದರಲ್ಲಿ ಹೊಯಿಗೆ ಉಂಟು. ಹಲ್ಲಿಗೆ ಸಿಕ್ತದೆ."

"ಅವಳ ಬಟ್ಟಲಿಗೆ ನಾನೇ ಬಡಿಸ್ತೇನೆ," ಎಂದಳು ಮಾಯ್. "ನೀನು ಹೋಗಿ ಗೇಟು ತೆಗಿ."